ಬೀಳದ ಲೈಟು

ಅಕ್ಕ ಫೋಟೋ ತೆಗೆದರೆ ತಮ್ಮ ಲೈಟು ನೋಡಿಕೊಳ್ಳುತ್ತಿದ್ದ. ತಿರುಪುಗಳನ್ನೆಲ್ಲ ಎರಡೆರಡು ಸಲ ಮುಟ್ಟಿ ನೋಡುವ ಅವನನ್ನು ಅಕ್ಕ ‘ಪುಕ್ಕಲ’ ಎಂದೇ ಕರೆಯುತ್ತಿದ್ದಳು. ತಲೆಗೂದಲು ನರೆತರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ.

ಒಂದು ದಿನ ಅವರ ಸ್ಟುಡಿಯೋಕ್ಕೆ ತಾಯಿಯ ಜೊತೆ ಹಸುಗೂಸೊಂದು ಬಂದಿತ್ತು. ಬೆಳಗಿನಿಂದ ರಚ್ಚೆ ಹಿಡಿದಿದ್ದ ಕೂಸು ಅಂತೂ ಇಂತೂ ಬುಟ್ಟಿಯಲ್ಲಿ ನಿದ್ದೆಹೋಯಿತು. ಬುಟ್ಟಿಯ ನೇರ ಮೇಲೆ, ಸ್ಟ್ಯಾಂಡಿನಿಂದ ಅಡ್ಡಕ್ಕೆ ಚಾಚಿದ ಉದ್ದನೆಯ ಕೋಲಿನ ತುದಿಯಲ್ಲಿ ದೊಡ್ಡ ಲೈಟು; ಅದರ ಭಾರಕ್ಕೆ ಸರಿದೂಗಲು ಇನ್ನೊಂದು ತುದಿಗೆ ಮರಳಿನ ಚೀಲ. ಅಕ್ಕ ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತಿದಳು. ಅಷ್ಟರಲ್ಲಿ ಚೀಲದ ಕೆಳಗೆ, ನೆಲದ ಮೇಲೆ, ಮರಳಿನ ಪುಟ್ಟ ಗುಡ್ಡೆ ತಮ್ಮನ ಕಣ್ಣಿಗೆ ಬಿತ್ತು. ಚೀಲದ ಹೊಲಿಗೆ ಬಿಚ್ಚಿತ್ತು.

ಅವನು ಎರಡೂ ಕೈಯಿಂದ ಕೋಲು ಹಿಡಿದುಕೊಂಡ.

“ಅಕ್ಕಾ, ಕೂಸನ್ನ ಈಚೆ ತಗೋ.”

“ಈಗ್ಲಾ? ಒಂದೇ ಒಂದು ಫೋಟೋ ಕಣೋ!”

“ಮೊದ್ಲು ತಗೋ. ಜಗಳ ಆಮೇಲೆ ಆಡೋಣ.”

ಅಕ್ಕ ಬುಟ್ಟಿ ಎತ್ತಿದ್ದೇ ತಡ, ಕೂಸು ಸೂರು ಹಾರಿಹೋಗುವಂತೆ ಅಳತೊಡಗಿತು. ನಿದ್ದೆಗೆಟ್ಟು ಹಣ್ಣಾಗಿದ್ದ ತಾಯಿಯ ಕಣ್ಣಲ್ಲೂ ನೀರು.

“ಲೈಟು ಗಟ್ಟಿಯಾಗೇ ನಿಂತಿತ್ತಲ್ಲ,” ಎಂದಳು ಆಕೆ. “ ಬೀಳ್ತಿರ್ಲಿಲ್ಲ.”

“ಬೀಳ್ತಿರ್ಲಿಲ್ವೇನೋ ತಾಯಿ, ನಂಗೂ ಗೊತ್ತಿಲ್ಲ,” ಎಂದ ತಮ್ಮ. ಆಕೆ ಕೂಸನ್ನು ಎದೆಗವಚಿಕೊಂಡು ಹೊರಟೇಹೋದಳು.

“ಬಿದ್ದಿದ್ರೆ ನೀನೇ ಸರಿ ಅಂತಿದ್ರು. ಬೀಳ್ಲಿಲ್ಲ, ನೀನೇ ಕೆಟ್ಟವನಾದೆ,” ಎಂದು ಅಕ್ಕ ಸಿಡುಕಿದಳು.

“ಕೆಟ್ಟವನಾದ್ರೇನೇ ವಾಸಿ ಬಿಡು,” ಎಂದು ಅವನು ಲೈಟು ಇಳಿಸಲು ಹೋದ.

“ತಾಳು.” ಅಕ್ಕ ಅಡ್ಡಕೋಲನ್ನು ಅವನ ಕೈಯಲ್ಲೇ ಬಿಟ್ಟು, ಬುಟ್ಟಿಯಿದ್ದ ಜಾಗದಲ್ಲಿ ಅಂಗಾತ ಮಲಗಿದಳು. ಇಷ್ಟು ವರ್ಷ ಆ ಲೈಟನ್ನು ಕ್ಯಾಮೆರಾದ ಹಿಂದಿನಿಂದಲೇ ನೋಡಿದ್ದವಳು ಈಗ ಕೆಳಗಿನಿಂದ ನೋಡಿದಳು. ಮುಖದ ಮೇಲೆಯೇ ತೂಗುವ ಕಬ್ಬಿಣ, ಗಾಜು. ತಮ್ಮ ಬಿಗಿಯಾಗಿ ಹಿಡಿದಿದ್ದಾನೆ ಎಂದು ಗೊತ್ತಿದ್ದರೂ ಹೆಚ್ಚು ಹೊತ್ತು ಮಲಗಿರಲು ಆಗಲಿಲ್ಲ. ಎದ್ದು ಸೀರೆ ಕೊಡವಿಕೊಂಡು, ಅವನ ಜೊತೆ ಲೈಟು ಇಳಿಸಿದಳು.

ಸಂಜೆ ಅಕ್ಕನೇ ಕೂಸಿನ ತಾಯಿಗೆ ಫೋನು ಮಾಡಿ, “ಚೀಲದ ಹೊಲಿಗೆ ನೋಡ್ದೇ ಬಿಟ್ಟಿದ್ದು ನಮ್ದೇ ತಪ್ಪು,” ಎಂದಳು. ಕೆಲವು ದಿನಗಳ ನಂತರ ತಾಯಿ ಮತ್ತೆ ಬಂದಳು. ತಮ್ಮ, ಈ ಸಲ ಲೈಟನ್ನು ಪಕ್ಕದಲ್ಲಿ, ತಗ್ಗಿಸಿ ನಿಲ್ಲಿಸಿ, ಸ್ಟ್ಯಾಂಡಿನ ಕಾಲಿಗೆ ಹೊಸ ಚೀಲ ಹೇರಿದ್ದ. ಬುಟ್ಟಿ ಇಡುವ ಮೊದಲು ಆಕೆ ತಲೆಯೆತ್ತಿ ನೋಡಿದಳು. ಮೇಲೆ ಬರೀ ಸೂರು.

ಕೂಸು ಮಾತ್ರ ಅವತ್ತು ಕಣ್ಣು ಮುಚ್ಚಲೇ ಇಲ್ಲ. ಅಕ್ಕ ಹಾಗೆಯೇ ಫೋಟೋ ತೆಗೆದಳು.