ಬಹುಮಾನದ ಕಕ್ಕಸು

"ಕೈಗೇನು ಲಕ್ವ ಹೊಡೆದಿದ್ಯಾ? ಉಜ್ಜು. ಅದ್ರಲ್ಲಿ ನನ್ನ ಮುಖ ಕಾಣ್ಬೇಕು, ಅಲ್ಲೀವರ್ಗೂ ಉಜ್ಜು."

ಹೆಲ್ತ್ ಇನ್‌ಸ್ಪೆಕ್ಟರ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಹೊಸದಾಗಿ ಕೂರಿಸಿದ ಬಿಳಿ ಕಮೋಡನ್ನು ಪೆನ್ನಿನ ತುದಿಯಿಂದ ತೋರಿಸುತ್ತಿದ್ದ. ಅದನ್ನು ಇನ್ನೂ ಒಬ್ಬರೂ ಬಳಸಿರಲಿಲ್ಲ. ಆದರೂ ಮೂಗು ಮುಚ್ಚಿಕೊಳ್ಳುವುದು ಅವನ ಹುದ್ದೆಯ ಗತ್ತು. ನಿನ್ನ ಮುಖ ಕಂಡರೆ ಕಮೋಡಿಗೇ ನಾಚಿಕೆ ಎಂಬ ಮಾತು ಉಜ್ಜುತ್ತಿದ್ದವಳ ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು. ಗುತ್ತಿಗೆ ಕೆಲಸದವರ ಮಾತುಗಳಿಗೆ ಹಾಗೆ ವಾಪಸು ಹೋಗುವ ದಾರಿ ಚೆನ್ನಾಗಿ ಗೊತ್ತಿರುತ್ತದೆ.

ಮಾರುಕಟ್ಟೆ ಬೀದಿಗೆಲ್ಲ ಪುರಸಭೆಯ ಕಕ್ಕಸು ಇದೊಂದೇ. ಅದನ್ನು ಕಾಯುವವಳೂ ಅವಳೇ, ತೊಳೆಯುವವಳೂ ಅವಳೇ. ಇಷ್ಟು ವರ್ಷ ಅದರ ಬಾಗಿಲಿಗೆ ಚಿಲಕವಿರಲಿಲ್ಲ, ನಲ್ಲಿಯಲ್ಲಿ ನೀರಿರಲಿಲ್ಲ, ಯಾವ ಅಧಿಕಾರಿಗೂ ಅದರ ನೆನಪಿರಲಿಲ್ಲ. ಈಗ ಚೊಕ್ಕ ಊರುಗಳ ಸ್ಪರ್ಧೆ ಬಂದಿದೆ, ತೀರ್ಪುಗಾರರು ಬರುತ್ತಾರೆ. ಹಾಗಾಗಿ ಗೋಡೆಗೆ ಟೈಲ್ಸು, ಕೈ ತೊಳೆಯುವಲ್ಲಿ ಕನ್ನಡಿ, ಬಾಗಿಲ ಪಕ್ಕ ಹೂಕುಂಡ, ಅದರ ಮೇಲೆ 'ಇದು ನಿಮ್ಮ ಸ್ವತ್ತು' ಎಂಬ ಬೋರ್ಡು. ವಾರದಿಂದ ಊರಲ್ಲಿ ಗದ್ದಲವೋ ಗದ್ದಲ. ಬೆಳಿಗ್ಗೆ ಜಾಗೃತಿ ನಡಿಗೆ, ಮಧ್ಯಾಹ್ನ ಶಾಲೆ ಮಕ್ಕಳಿಗೆ ಚಿತ್ರ ಬರೆಯುವ ಪಂದ್ಯ, ಸಂಜೆ ಪುರಭವನದಲ್ಲಿ ಸಭೆ. ಕಸ ಹಾಕುವವರು ಭಾಷಣ ಮಾಡಿದರು, ಕಸ ಎತ್ತುವವರು ಕುರ್ಚಿ ಜೋಡಿಸಿದರು.

"ತೊಳೆದಾದ್ಮೇಲೆ ಬೀಗ ಜಡಿ," ಎಂದ ಇನ್‌ಸ್ಪೆಕ್ಟರ್. "ತೀರ್ಪಿನೋರು ಬಂದು ಹೋಗೋವರ್ಗೂ ತೆಗೀಬಾರ್ದು."

"ಸಾರ್, ಬೀದೀಲಿ ಕೂತು ಮಾರೋ ಹೆಂಗಸ್ರು ಎಲ್ಲಿಗೆ ಹೋಗ್ಬೇಕು?"

"ಮನೇಲೇ ಮುಗಿಸ್ಕೊಂಡು ಬರ್ಲಿ. ಬಳಸಿದ್ರೆ ಗಲೀಜಾಗತ್ತೆ, ಗಲೀಜಾದ್ರೆ ಬಹುಮಾನ ಹೋಗತ್ತೆ. ಇಷ್ಟು ತಲೆಗೆ ಹತ್ತಲ್ವೇನೇ ಮುಂಡೇದೆ? ಒಬ್ಳು ಒಳಗೆ ಕಾಲಿಟ್ಲು ಅಂತ ಗೊತ್ತಾದ್ರೆ ನಿನ್ನ ಜಾಗದಲ್ಲಿ ಇನ್ನೊಬ್ಳು ಇರ್ತಾಳೆ. ಸಾಲುಗಟ್ಟಿ ಕಾಯ್ತಿದಾರೆ."

ಅವಳು ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಗಂಡ ಸತ್ತ ಮೇಲೆ ಮನೆಯಲ್ಲಿ ಉಳಿದವರು ಅವಳು ಮತ್ತು ಅವಳ ಅತ್ತೆ, ಇಬ್ಬರೇ. ಅತ್ತೆ ಕಕ್ಕಸಿನ ಎದುರಿನ ಫುಟ್‌ಪಾತಿನ ಮೇಲೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಗುಡ್ಡೆ ಹಾಕಿಕೊಂಡು ಕೂರುವವಳು. ಸೊಸೆಯನ್ನು ತವರಿಗೆ ಅಟ್ಟು ಎಂದು ನೆಂಟರೆಲ್ಲ ಹೇಳಿದಾಗ, "ಮಗ ಅಂತೂ ಹೋದ, ಮಗಳನ್ನೂ ಕಳಿಸ್ಲಾ?" ಎಂದು ಅವಳ ಗಂಟು ಬಿಚ್ಚಿ ಬಟ್ಟೆಗಳನ್ನು ತಾನೇ ಒಳಗೆ ಮಡಿಸಿಟ್ಟವಳು. ಆಕೆಗೆ ಸಕ್ಕರೆ ಕಾಯಿಲೆ. ಗಳಿಗೆಗೊಮ್ಮೆ ಎದ್ದು ರಸ್ತೆ ದಾಟಿ ಬರಬೇಕು, "ನಿನ್ನ ಅರಮನೆ ಬಾಗ್ಲು ತೆಗಿಯೇ ಮಹಾರಾಣಿ" ಎಂದು ತಮಾಷೆ ಮಾಡಿ ಒಳಗೆ ಹೋಗಬೇಕು.

ಬೀಗ ಬಿದ್ದ ಮೊದಲ ದಿನ ಸೊಪ್ಪಿನವಳು ಬಂದಳು, ಹೂವಿನವಳು ಬಂದಳು, ಮೀನಿನವಳು ಬಂದಳು. ಬಂದವರೆಲ್ಲ ಬೀಗ ನೋಡಿದರು, ಆಮೇಲೆ ಅವಳ ಸೊಂಟ ನೋಡಿದರು.

"ದೇವ್ರು ಕೊಟ್ರೂ ಪೂಜಾರಿ ಕೊಡ ಅಂದಂಗಾಯ್ತಲ್ಲೇ ನಿಂದು," ಎಂದಳು ಸೊಪ್ಪಿನವಳು.

"ನಂದೇನಿದೆ ಅಕ್ಕಾ, ಮೇಲಿನೋರ ಮಾತು."

"ಮೇಲಿನೋರಿಗೆ ಕೆಳಗಡೆ ಏನೂ ಇಲ್ವಂತಾ?"

ಎಲ್ಲರೂ ನಕ್ಕರು. ನಕ್ಕರೆ ಕಷ್ಟ ಎಂದು ಗೊತ್ತಾಗಿ ಕಿಬ್ಬೊಟ್ಟೆ ಹಿಡಿದುಕೊಂಡು ಸುಮ್ಮನಾದರು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಅತ್ತೆ ಬಿಡುವ ಹಾಗಿರಲಿಲ್ಲ. ಅವಳ ಕಾಯಿಲೆಗೆ ಬಾಯಿ ಒಣಗುವುದೂ ಹೆಚ್ಚು, ಎದ್ದು ಹೋಗುವುದೂ ಹೆಚ್ಚು. ಆ ದಿನ ಮಾರಾಟ ಅರ್ಧಕ್ಕೇ ಬಿಟ್ಟು ಮನೆಗೆ ಹೋದಳು.

ಎರಡನೆಯ ದಿನ ಅತ್ತೆ ರಸ್ತೆ ದಾಟಿ ಬಂದಾಗ ಮುಖದಲ್ಲಿ ತಮಾಷೆ ಇರಲಿಲ್ಲ.

"ಮಗಾ, ಇನ್ನು ಆಗಲ್ಲ ಕಣೇ. ಒಂದೇ ಒಂದ್ಸಲ ತೆಗಿ."

ಇನ್‌ಸ್ಪೆಕ್ಟರ್ ಹೂಕುಂಡದ ಪಕ್ಕದಲ್ಲೇ ನಿಂತು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದ. ಅವಳು ದನಿ ತಗ್ಗಿಸಿದಳು.

"ಹಿಂದುಗಡೆ ಗೋಡೆ ಸಂದಿಗೆ ಹೋಗ್ಬಿಡು ಅತ್ತೆ. ನಾನು ಅಡ್ಡ ನಿಂತಿರ್ತೀನಿ, ಯಾರನ್ನೂ ಬಿಡಲ್ಲ."

"ಹಾಡಹಗಲಲ್ಲೇನೇ?"

"ಹೋಗು ಅತ್ತೆ. ನಾನಿದೀನಲ್ಲ."

ಅತ್ತೆ ಗೋಡೆ ಹಿಡಿದುಕೊಂಡು ಸಂದಿಗೆ ಹೋದಳು. ಸೊಸೆ ಸಂದಿಯ ಬಾಯಿಗೆ ಬೆನ್ನು ಕೊಟ್ಟು ನಿಂತಳು. ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಕಿಟಕಿಯಿಂದ ಒಳಗೆ ಇಣುಕಿ ಕೂಗಿದ.

"ಏಯ್, ಕನ್ನಡಿ ಮೇಲೆ ಬೆರಳಚ್ಚು ಯಾವೋನ್ದೇ? ಬಾ ಇಲ್ಲಿ."

"ಬಂದೆ ಸಾರ್, ಒಂದ್ನಿಮಿಷ."

"ಕಾಯೋಕೆ ನಾನೇನು ನಿನ್ನ ಗಂಡಾನಾ? ಬಾ ಅಂದ್ರೆ ಬರ್ಬೇಕು."

ಅವಳು ಒಂದು ಸಲ ಹಿಂದೆ ನೋಡಿದಳು, ಹೋದಳು. ಅತ್ತೆಗೆ ತೆರೆಯದ ಬಾಗಿಲು ಒಂದು ಬೆರಳಚ್ಚಿಗೆ ತೆರೆಯಿತು. ಬಟ್ಟೆ ಹಿಡಿದು ಕನ್ನಡಿ ಒರೆಸುತ್ತಿರುವಾಗ ಹಿಂದುಗಡೆಯಿಂದ ಸೀಟಿ ಕೇಳಿಸಿತು. ಒಂದಲ್ಲ, ನಾಲ್ಕೈದು.

ಅದು ಪುರಸಭೆಯ ಸ್ವಯಂಸೇವಕರ ದಳ. ಹಳದಿ ಟೋಪಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಗುಲಾಬಿ. ದೊಡ್ಡ ಅಂಗಡಿಗಳ ಯಜಮಾನಿಯರು, ಪೆನ್ಶನ್ ಬರುವವರು, ಕಾಲೇಜು ಹುಡುಗಿಯರು. ಬಯಲಲ್ಲಿ ಕೂತವರನ್ನು ಹಿಡಿದು ಬೈಯದೆ, ಗುಲಾಬಿ ಕೊಟ್ಟು, ಚಪ್ಪಾಳೆ ತಟ್ಟಿ ನಾಚಿಸುವುದು ಅವರ ಜನಸೇವೆ. ಬೈದಿದ್ದರೆ ಅತ್ತೆ ಒಂದಕ್ಕೆ ನಾಲ್ಕು ತಿರುಗಿಸಿ ಬೈಯುತ್ತಿದ್ದಳು. ಬೈಗುಳದಲ್ಲಿ ಅವಳನ್ನು ಗೆದ್ದವರು ಆ ಬೀದಿಯಲ್ಲಿ ಯಾರೂ ಇಲ್ಲ. ಗುಲಾಬಿಗೆ ಏನೆಂದು ಬೈಯುವುದು?

ಅವಳು ಹೊರಗೆ ಓಡಿ ಬರುವಷ್ಟರಲ್ಲಿ ಅತ್ತೆಯನ್ನು ಬೀದಿಗೆ ಕರೆತಂದು ನಿಲ್ಲಿಸಿದ್ದರು. ಅರ್ಧಕ್ಕೆ ಎಬ್ಬಿಸಿದ್ದರಿಂದ ಬಟ್ಟೆ ಒದ್ದೆಯಾಗಿತ್ತು. ಪಾದದ ಕೆಳಗೂ ಒದ್ದೆಯಾಗುತ್ತಿತ್ತು. ಅತ್ತೆ ಎರಡೂ ಕೈಯಲ್ಲಿ ಬಟ್ಟೆಯನ್ನು ಮುಂದಕ್ಕೆ ಎಳೆದು ಹಿಡಿದಿದ್ದಳು. ಗುಲಾಬಿ ಹಿಡಿಯಲು ಕೈ ಬಿಡುವಿರಲಿಲ್ಲ. ದಳದ ಮುಖಂಡಿ ಅದನ್ನು ಅವಳ ಬೆರಳುಗಳ ನಡುವೆ ತುರುಕಿದಳು.

"ಅಜ್ಜಿ, ಪಕ್ಕದಲ್ಲೇ ಇಷ್ಟು ಚೆನ್ನಾಗಿರೋ ಶೌಚಾಲಯ ಮಾಡ್ಸಿಕೊಟ್ಟಿದೀವಿ. ಅದ್ರ ಗೋಡೆಗೇ ಹೀಗೆ ಮಾಡ್ಬಹುದಾ? ಹೇಳಿ, ಯಾಕೆ ಹೋದ್ರಿ ಅಲ್ಲಿಗೆ?"

ಅತ್ತೆ ತಲೆಯೆತ್ತಿದಳು. ಎದುರಿಗೆ ಬಾಗಿಲಲ್ಲಿ ಸೊಸೆ ನಿಂತಿದ್ದಳು, ಕೈಯಲ್ಲಿ ಒರೆಸುವ ಬಟ್ಟೆ, ಪಕ್ಕದಲ್ಲಿ ಇನ್‌ಸ್ಪೆಕ್ಟರ್. ಬೀಗ ಹಾಕಿದ್ರು ಎಂಬ ಎರಡು ಮಾತು ಸಾಕಿತ್ತು. ಅತ್ತೆಯ ಬಾಯಿ ತೆರೆಯಿತು, ಕಣ್ಣು ಇನ್‌ಸ್ಪೆಕ್ಟರನ ಮೇಲೆ ಹೋಯಿತು, ಮತ್ತೆ ಸೊಸೆಯ ಮೇಲೆ ಬಂತು. ಬಾಯಿ ಮುಚ್ಚಿತು.

"ತಪ್ಪಾಯ್ತು," ಎಂದಳು.

ಚಪ್ಪಾಳೆ ಶುರುವಾಯಿತು. ಮುಖಂಡಿ ಈ ಕಡೆ ತಿರುಗಿ ಕೈಬೀಸಿದಳು. "ಬಾರಮ್ಮ, ನೀನೂ ತಟ್ಟು. ಇದನ್ನ ಇಷ್ಟು ಚೊಕ್ಕವಾಗಿ ಇಟ್ಕೊಂಡಿರೋಳು ನೀನೇ ಅಲ್ವಾ?"

ಇನ್‌ಸ್ಪೆಕ್ಟರ್ ಅವಳನ್ನೇ ನೋಡುತ್ತಿದ್ದ. ಅವಳು ಒರೆಸುವ ಬಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದಳು. ಎಲ್ಲರೂ ನಿಲ್ಲಿಸುವವರೆಗೆ ತಟ್ಟಿದಳು. ಯಾರೋ ಫೋಟೊ ತೆಗೆದರು.

ಸಂಜೆ ಮನೆಯಲ್ಲಿ ಅತ್ತೆ ಒದ್ದೆ ಬಟ್ಟೆಯನ್ನು ತಾನೇ ಒಗೆದು ಒಣಹಾಕಿದಳು. ಒಲೆ ಹಚ್ಚಿದಳು, ಸೊಸೆಗೆ ಬಡಿಸಿದಳು. ಸೊಸೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಲೋಟದಲ್ಲಿ ನೀರು ತಂದು ಅತ್ತೆಯ ಮುಂದಿಟ್ಟಳು.

"ಬಾಯಾರಿಲ್ಲ," ಎಂದಳು ಅತ್ತೆ.

"ಆವಾಗಿಂದ ಹನಿ ನೀರು ಕುಡಿದಿಲ್ಲ ನೀನು. ಒಂದ್ಸಲ ಬೈದಾದ್ರೂ ಬಿಡೇ ಅತ್ತೆ. ಹೊಡಿ."

"ಯಾಕೆ ಬೈಲಿ? ನೀನು ತಟ್ಟಿದ್ದೇ ಸರಿ. ಇಲ್ದಿದ್ರೆ ಆ ಬೋಳಿಮಗ ನಿನ್ನ ಕೆಲ್ಸ ಕಿತ್ಕೋತಿದ್ದ. ಉಣ್ಣು."

ಅಷ್ಟು ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು. ಮಗಾ ಎನ್ನಲಿಲ್ಲ. ಬೈಗುಳವಾಗಿದ್ದರೆ ಸೊಸೆ ಹೇಗೋ ಸಹಿಸುತ್ತಿದ್ದಳು. ಈ ಕ್ಷಮೆಯನ್ನು ಸಹಿಸಲಾಗಲಿಲ್ಲ.

ಮರುದಿನ ತೀರ್ಪುಗಾರರು ಬಂದರು. ಜೊತೆಗೆ ಪುರಸಭೆ ಅಧ್ಯಕ್ಷರು, ಹಳದಿ ಟೋಪಿಗಳು, ಕ್ಯಾಮೆರಾದವರು. ಇನ್‌ಸ್ಪೆಕ್ಟರ್ ಹಲ್ಲು ಬಿಟ್ಟುಕೊಂಡು ಬೀಗ ತೆಗೆಸಿದ. ಒಳಗಿನ ಟೈಲ್ಸು ಫಳಫಳ ಹೊಳೆಯುತ್ತಿತ್ತು. ಕನ್ನಡಕದ ತೀರ್ಪುಗಾರರು ಸಂತೋಷಪಟ್ಟು ಅವಳನ್ನು ಕೇಳಿದರು.

"ದಿನಕ್ಕೆ ಎಷ್ಟು ಜನ ಬಳಸ್ತಾರಮ್ಮ?"

ಐನೂರು ಎನ್ನಬೇಕೆಂದು ಅವಳಿಗೆ ಕಲಿಸಿಕೊಟ್ಟಿದ್ದರು. ಮಾತು ಎಂದಿನಂತೆ ವಾಪಸು ಹೋಗಲು ನೋಡಿತು. ಈ ಸಲ ಅವಳು ಬಿಡಲಿಲ್ಲ.

"ಯಾರೂ ಇಲ್ಲ ಸಾರ್. ನೀವು ಬರ್ತೀರಿ ಅಂತ ಬೀಗ ಹಾಕಿದ್ರು. ನಿನ್ನೆ ಸಂದೀಲಿ ಕೂತೋಳ್ಗೆ ಇವ್ರು ಗುಲಾಬಿ ಕೊಟ್ರಲ್ಲ, ಅವಳು ನನ್ನ ಅತ್ತೆ. ಕೀಲಿ ನನ್ನ ಸೊಂಟದಲ್ಲೇ ಇತ್ತು."

ಹಾಗೆಂದು ಅವಳು ಹೊರಗೆ ಬಂದು ಬೀದಿಗೆ ಕೇಳುವಂತೆ ಕರೆದಳು. "ಬರ್ರೇ ಎಲ್ಲಾ. ಬಾಗ್ಲು ತೆಗೆದಿದೆ."

ಮೊದಲು ಸೊಪ್ಪಿನವಳು ಎದ್ದಳು. ಅವಳ ಹಿಂದೆ ಮೀನಿನವಳು, ಹೂವಿನವಳು, ತುಂಬಿದ ಬಸುರಿಯಾಗಿದ್ದ ಪಾತ್ರೆ ಅಂಗಡಿ ಆಳು. ಕೆಸರುಗಾಲಲ್ಲಿ, ಮೀನಿನ ನೀರು ತೊಟ್ಟಿಕ್ಕುವ ಕೈಯಲ್ಲಿ ಅವರೆಲ್ಲ ಅಧ್ಯಕ್ಷರ ಪಕ್ಕದಿಂದಲೇ ಸಾಗಿ ಒಳಗೆ ಹೋದರು. ತೀರ್ಪುಗಾರರು ಬೂಟು ಹಿಂದಕ್ಕೆ ಸರಿಸಿ ದಾರಿ ಬಿಟ್ಟರು. ಬಿಳಿ ಟೈಲ್ಸಿನ ತುಂಬ ಹೆಜ್ಜೆಗಳು ಮೂಡಿದವು.

"ನಾಳೆಯಿಂದ ನಿನ್ನ ಮುಖ ಇಲ್ಲಿ ಕಂಡ್ರೆ ಸಿಗಿದು ಹಾಕ್ತೀನಿ, ಬೇವರ್ಸಿ," ಎಂದ ಇನ್‌ಸ್ಪೆಕ್ಟರ್, ಕ್ಯಾಮೆರಾಕ್ಕೆ ಕೇಳಿಸದ ಹಾಗೆ.

"ನಾಳೆ ಬರಲ್ಲ ಬಿಡಿ ಸಾರ್. ಇವತ್ತು ತೆಗೆದಿರತ್ತೆ."

ಅವಳು ಬೀಗವನ್ನೂ ಕೀಲಿಯನ್ನೂ ಚರಂಡಿಗೆ ಎಸೆದು ರಸ್ತೆ ದಾಟಿದಳು. ಎದುರಿನ ಫುಟ್‌ಪಾತಿನ ಮೇಲೆ ಸಾಲಿಗೆ ಸೇರದೆ ಕೂತಿದ್ದವಳು ಅತ್ತೆಯೊಬ್ಬಳೇ. ಮುಖ ಬಾಡಿತ್ತು, ತುಟಿ ಒಡೆದಿತ್ತು. ಅವಳು ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದಳು.

"ಬಾ ಅತ್ತೆ. ಯಾರೂ ಏನೂ ಅನ್ನಲ್ಲ ಈಗ. ನಾನು ಬಾಗ್ಲಲ್ಲೇ ನಿಂತಿರ್ತೀನಿ."

ಅತ್ತೆ ನಿಂಬೆಹಣ್ಣುಗಳನ್ನು ಒಂದೊಂದಾಗಿ ಸರಿಮಾಡಿದಳು. ಎದುರಿಗೆ ಹೆಂಗಸರ ಸಾಲನ್ನು ನೋಡಿದಳು, ಟೋಪಿಗಳನ್ನು ನೋಡಿದಳು.

"ಅವರೆಲ್ಲ ಹೋಗ್ಲಿ ಬಿಡವ್ವಾ," ಎಂದಳು ಗಿರಾಕಿಗೆ ಹೇಳುವ ದನಿಯಲ್ಲಿ. "ನಂಗೇನೂ ಬಂದಿಲ್ಲ."

ಅವಳ ಎರಡು ಮಂಡಿಗಳೂ ಒಂದಕ್ಕೊಂದು ಬಿಗಿದು ನಡುಗುತ್ತಿದ್ದವು. ಸೊಸೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯದೆ ಅಲ್ಲೇ ಕೂತಳು.