ಒಂದೇ ನಿಮಿಷ, ಎರಡು ಪುಸ್ತಕ

ಸದನದಲ್ಲಿ ಆಡಿದ ಮಾತನ್ನು ಆಡಿದ ಹಾಗೇ ಬರೆದುಕೊಳ್ಳುವುದು ಶೀಘ್ರಲಿಪಿಗಾರ್ತಿಯ ಕೆಲಸ. ಆಮೇಲೆ ಟೈಪಾದ ಕರಡು ಮಂತ್ರಿಗಳ ಕಚೇರಿಗೆ ಹೋಗಿ, ಸಣ್ಣಪುಟ್ಟ ತಪ್ಪು ತಿದ್ದಿಸಿಕೊಂಡು ಬರುವುದು ರೂಢಿ. ಈ ಸಲ ಬಂದಾಗ ಒಂದು ಸಾಲೇ ಮಂಗಮಾಯವಾಗಿತ್ತು.

ಎಂಥ ಸಾಲು! ಕುಸಿದ ಸೇತುವೆಯ ಬಗ್ಗೆ ಗದ್ದಲ ಎದ್ದಾಗ ರೇಗಿದ ಮಂತ್ರಿ, "ಎಂಜಿನಿಯರ್ ಬರೆದ ಎಚ್ಚರಿಕೆ ಪತ್ರ ನಾನೇ ಓದಿದ್ದೆ, ಏನೀಗ?" ಅಂದುಬಿಟ್ಟಿದ್ದರು. ಆ ಎಂಜಿನಿಯರ್, ಈ ಮಾತು ಬರೆದುಕೊಂಡ ಶೀಘ್ರಲಿಪಿಗಾರ್ತಿಯ ಅಕ್ಕನ ಗಂಡ. ಎಚ್ಚರಿಕೆಯನ್ನೇ ಕೊಡಲಿಲ್ಲವೆಂದು ಅಮಾನತಾಗಿ ಮನೆಯಲ್ಲಿ ಕೂತಿದ್ದರು. ಧ್ವನಿಮುದ್ರಣದಲ್ಲಿ ಬರೀ ಕೂಗಾಟ. ಮಾರನೆಯ ದಿನ ಸದನ ಸಮಿತಿಯ ವಿಚಾರಣೆ. ಭಾವನ ಮಾನ ಉಳಿಯಬೇಕಾದರೆ ಇವಳ ನೋಟ್‌ಪುಸ್ತಕದ ಒಂದು ಪುಟ ಉಳಿಯಬೇಕು.

ಅನುಮಾನ ಯಾರ ಮೇಲೆ? ಇನ್ಯಾರ ಮೇಲೆ, ಪಕ್ಕದ ಕುರ್ಚಿಯ ನಗುಮುಖದ ಮೇಲೆ. ಇವಳ ಹಾಗೇ ಶೀಘ್ರಲಿಪಿಗಾರ, ಹಲ್ಲು ಕಿಸಿಯುವುದರಲ್ಲೇ ಅರ್ಧ ಸರ್ವೀಸು ಮುಗಿಸಿದ ಆಸಾಮಿ. ಮಂತ್ರಿಗಳ ಆಪ್ತ ಕಾರ್ಯದರ್ಶಿಯ ಜೊತೆ ಕಾರಿಡಾರಿನಲ್ಲಿ ಗುಸುಗುಸು ಮಾಡಿದ್ದನ್ನು ಇವಳೇ ಕಂಡಿದ್ದಳು. ಅವನ ಕಣ್ಣಿಗೆ ಬೀಳದಿರಲೆಂದು ಪುಸ್ತಕವನ್ನು ಸದನದ ವರದಿ ವಿಭಾಗದ ಹಿರಿಯ ಸಂಪಾದಕರ ಬೀರುವಿನಲ್ಲಿಟ್ಟಳು. "ಚಿಂತೆ ಬಿಡಮ್ಮ, ನಾನಿದೀನಲ್ಲ," ಅಂದರು ಅವರು. ಕೆಲಸ ಕಲಿಸಿದ ಗುರು. ಕಣ್ಣು ಮುಚ್ಚಿ ನಂಬಿದಳು.

ಬೆಳಿಗ್ಗೆ ಪುಸ್ತಕ ವಾಪಸು ಬಂತು. ಪುಟ ಇರಲಿಲ್ಲ. "ಹಳೇ ಪುಸ್ತಕ, ಹೊಲಿಗೆ ಬಿಟ್ಟಿರಬೇಕು," ಎಂದರು ಗುರುಗಳು, ಕಿಟಕಿಯ ಕಡೆ ನೋಡುತ್ತಾ. ನಂಬಿದವರೇ ಕೈ ಕೊಟ್ಟಿದ್ದರು.

ಉಳಿದಿದ್ದು ಒಂದೇ ದಾರಿ. ಸದನದಲ್ಲಿ ಶೀಘ್ರಲಿಪಿಗಾರರದು ಐದೈದು ನಿಮಿಷದ ಸರದಿ. ಮಾತು ತಪ್ಪಿಹೋಗದಿರಲೆಂದು ಮುಂದಿನವರು ಒಂದು ನಿಮಿಷ ಮೊದಲೇ ಬಂದು ಕೂತು ಬರೆಯತೊಡಗುತ್ತಾರೆ. ಮಂತ್ರಿ ರೇಗಿದ್ದು ಇವಳ ಸರದಿಯ ಕೊನೆಯ ನಿಮಿಷದಲ್ಲಿ. ಮುಂದಿನ ಸರದಿ ನಗುಮುಖದ್ದು. ಯಾವ ಮುಖ ಹೊತ್ತು ಕೇಳುವುದು? ಕೇಳಿದಳು.

ನಗುಮುಖ ಅಂದು ನಗಲಿಲ್ಲ. "ನನ್ನ ಮೇಲೆ ನಿಮಗೆ ಡೌಟು, ಗೊತ್ತು. ನನಗೂ ನಿಮ್ಮ ಮೇಲೆ ಇತ್ತು. ಬರೆಯೋವಾಗ ಯಾವ ಮಾತು ತಲೇಲಿ ನಿಲ್ಲುತ್ತೆ ಹೇಳಿ? ಭಾವನಿಗೋಸ್ಕರ ಆ ಸಾಲು ನೀವೇ ಸೇರಿಸಿದೀರಿ ಅಂತ ಆ ಕಾರ್ಯದರ್ಶಿ ಕಿವಿ ಊದಿದ. ಆಮೇಲೆ ನನ್ನ ಪುಸ್ತಕ ತೆಗೆದು ನೋಡಿದೆ. ಅದರಲ್ಲೂ ಇದೆ."

"ಕೊಡಿ," ಎಂದು ಕೈ ಚಾಚಿದಳು.

"ಉಹೂಂ, ನಿಮಗೂ ಕೊಡಲ್ಲ." ಪುಸ್ತಕವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡ.

ಸಮಿತಿಯ ಮುಂದೆ ಅವನೇ ನಿಂತು ಓದಿದ, ಆ "ಏನೀಗ?" ಸಮೇತ. ಮಂತ್ರಿಗಳ ಮುಖ ಕಪ್ಪಿಟ್ಟಿತು. ಬಾಗಿಲ ಬಳಿ ಕೂತಿದ್ದ ಭಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಇಂಥವನನ್ನು ಕಳ್ಳನೆಂದುಕೊಂಡೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಪುಸ್ತಕ ಇಲ್ಲಿ ಕೊಟ್ಟು ಹೋಗಿ," ಎಂದರು ಅಧ್ಯಕ್ಷರು.

ಅವನು ಕೊಡಲಿಲ್ಲ. "ಮೊದಲು ಜೆರಾಕ್ಸ್ ಆಗಲಿ ಸಾರ್," ಎಂದ, ಅವಳತ್ತ ಕೈ ತೋರಿಸಿ. "ನಮ್ಮಿಬ್ಬರ ಕಣ್ಣೆದುರಿಗೇ."