ಇಂಡಿ ಬಸ್ಸು ಹತ್ತಿದ ಆಡು

ಎಂಟನೇ ತರಗತಿಯ ಮೂರನೇ ಪಿರಿಯಡ್ಡಿನಲ್ಲಿ ಒಂದು ಆಡು ಇಂಡಿ ಬಸ್ಸು ಹತ್ತಿತು. ತಾಲ್ಲೂಕಿನ ಶೈಕ್ಷಣಿಕ ಚರಿತ್ರೆಯಲ್ಲಿ ಇಷ್ಟು ಗಂಭೀರವಾದ ಘಟನೆ ಹಿಂದೆ ನಡೆದದ್ದಿಲ್ಲ, ಮುಂದೆ ನಡೆಯುವ ಲಕ್ಷಣವೂ ಇಲ್ಲ. ಹಾಗಾಗಿ ಸಾವಕಾಶ ಹೇಳುವುದೇ ಸರಿ.

ಆಡು ಖರೇ ಆಡಲ್ಲ. ಯಾಸ್ಮಿನ ಟೀಚರು ಬೋರ್ಡಿನ ಮೇಲೆ ಬರೆದದ್ದು; ಗಡ್ಡವೊಂದು ಇರದಿದ್ದರೆ ನಾಯಿ ಎನ್ನಬೇಕಿತ್ತು. ಸಿಂದಗಿ ಹತ್ತಿರದ ಆ ಹೈಸ್ಕೂಲಿಗೆ ಅವಳು ಆ ವರ್ಷ ಅತಿಥಿ ಶಿಕ್ಷಕಿಯಾಗಿ ಬಂದಿದ್ದಳು. ಅವಳ ಇಂಗ್ಲಿಷ್ ಪಾಠದಲ್ಲಿ ವ್ಯಾಕರಣವಿಲ್ಲ, ಬಾಯಿಪಾಠವಿಲ್ಲ. ಚಿತ್ರ ಬರೆದು, ಕೈ ಆಡಿಸಿ, ಬರೀ ಇಂಗ್ಲಿಷಿನಲ್ಲೇ ಕತೆ ಹೇಳುವುದು. ನಡುನಡುವೆ ಕೇಳುವುದು: ಆಡು ಎಲ್ಲಿಗೆ ಹೊರಟಿದೆ, ಇಂಡಿಗೋ ಮುದ್ದೇಬಿಹಾಳಕ್ಕೋ? ಹುಡುಗರು ಒಂದೇ ಶಬ್ದದಲ್ಲಿ ಹೇಳಲಿ, ಕನ್ನಡದಲ್ಲಾದರೂ ಹೇಳಲಿ. ಮೊದಲು ತಿಳಿಯಬೇಕು, ಮಾತು ಹಿಂದಿನಿಂದ ಬರುತ್ತದೆ ಎಂಬುದು ಅವಳ ನಂಬಿಕೆ.

ಅವಳಿಗೆ ಈ ಕೆಲಸ ಕೊಡಿಸಲು ಹೆಡ್‌ಮಾಸ್ತರರ ಹತ್ತಿರ ಮಾತಾಡಿದವರು ಅಲ್ಲೇ ಇಂಗ್ಲಿಷ್ ಕಲಿಸುತ್ತಿದ್ದ ಜೈನುದ್ದೀನ ಮಾಸ್ತರರು. ಅವಳು ಅವರದೇ ಶಿಷ್ಯೆ. ಮಾಸ್ತರರ ಟೆನ್ಸ್ ಚಾರ್ಟು ಅಂದರೆ ಹೊರ್ತಿಯಿಂದ ಮುಳವಾಡದ ತನಕ ಹೆಸರು. ಹಳೆಯ ಶಿಷ್ಯರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ನಮಸ್ಕಾರದ ಜೊತೆಗೆ ಒಂದು ಕ್ರಿಯಾಪದದ ಮೂರೂ ರೂಪ ಒಪ್ಪಿಸಿಯೇ ಬಸ್ಸು ಹತ್ತುತ್ತಿದ್ದರು. ಒಂದಿಡೀ ತಲೆಮಾರಿನ ಮಕ್ಕಳಿಗೆ ಅವರು ಇಂಗ್ಲಿಷನ್ನು ಕಲಿಸಿದ್ದರು, ಕನ್ನಡದಲ್ಲಿ.

ಆ ದಿನ ಶಿಷ್ಯೆಯ ಪಾಠ ಕೇಳಲು ಅವರು ವರಾಂಡದ ಕಿಟಕಿಯ ಬಳಿ ನಿಂತರು. ಒಳಗೆ ಬಸ್ಸು ಹೊರಟಿತು. ಹುಡುಗರು ಹುರುಪಿಗೆ ಬಂದಂತೆ ಯಾಸ್ಮಿನಳ ಇಂಗ್ಲಿಷೂ ಓಟಕ್ಕೆ ಬಿತ್ತು. ಕಂಡಕ್ಟರ ಬಂದದ್ದು ಮಾಸ್ತರರಿಗೆ ತಿಳಿಯಿತು. ಆಡು ಏನನ್ನೋ ತಿಂದದ್ದೂ ತಿಳಿಯಿತು. ಆಮೇಲೆ ಮತ್ತ್ಯಾರೋ ಹತ್ತಿದರು, ಏನೋ ಅಂದರು, ಇಡೀ ತರಗತಿ ಹೋ ಎಂದು ನಕ್ಕಿತು. ಮಾಸ್ತರರಿಗೆ ಏನೂ ತಿಳಿಯಲಿಲ್ಲ. ಕಸ ಹೊಡೆಯುತ್ತಿದ್ದ ರಾಮವ್ವ ತಮ್ಮನ್ನೇ ನೋಡುತ್ತಿದ್ದಾಳೆಂದು ಅವರೂ ನಕ್ಕರು.

“ನನಗಂತೂ ಒಂದಕ್ಷರ ತಿಳೀಲಿಲ್ರಿ ಸರ,” ಅಂದಳು ರಾಮವ್ವ. “ಏನಂತ, ನೀವರ ಹೇಳ್ರಿ.”

“ನಿನಗ ಹೇಳಿದ್ರ ತಿಳೀತೈತೇನು? ಕಸಾ ಹೊಡಿ.”

ಬಿಡುವಿನಲ್ಲಿ ರಂಜನಾ ಎಂಬ ಹುಡುಗಿ ನೀರು ಕುಡಿಯಲು ಬಂದಾಗ ಮೆಲ್ಲಗೆ ಕೇಳಿದರು: “ಯಾಕವಾ, ಅಷ್ಟ್ಯಾಕ ನಗಾಕತ್ತಿದ್ರಿ?”

“ಚೆಕ್ಕಿಂಗಿನವ ಬಂದ್ನಲ್ರಿ ಸರ! ಟಿಕೆಟ್ ಎಲ್ಲೈತಿ ಅಂದ. ಆಡು ತಿಂದೈತಿ ಅಂದ ಕಂಡಕ್ಟರ. ಹಂಗಾರ ಆಡಿನ ಹೊಟ್ಟಿ ಮ್ಯಾಲೇ ಸಹಿ ಹಾಕ್ತೇನಿ ಅಂತ ಪೆನ್ನು ತಗದ! ನೀವೂ ನಕ್ಕೀರಲ್ರಿ?”

ಅದರಲ್ಲಿ ಮಾಸ್ತರರಿಗೆ ಗೊತ್ತಿಲ್ಲದ ಶಬ್ದ ಒಂದೂ ಇರಲಿಲ್ಲ. ಕಾಗದದ ಮೇಲೆ ಕೊಟ್ಟಿದ್ದರೆ ಕರ್ತೃ, ಕರ್ಮ, ಕ್ರಿಯೆ ಎಂದು ಬಿಡಿಸಿ ಒಣಗಹಾಕುತ್ತಿದ್ದರು. ಅದೇ ಇಂಗ್ಲಿಷು ಜೀವಸಹಿತ ಕಿವಿಯ ಪಕ್ಕದಲ್ಲೇ ಹಾದು ಹೋದಾಗ ಗುರುತು ಹತ್ತಲಿಲ್ಲ. ಎಂಟನೇ ತರಗತಿಯ ಪೋರರಿಗೆ ಹತ್ತಿತು. ಅಂದಿನಿಂದ ಮಾಸ್ತರರು ಆ ವರಾಂಡದಲ್ಲಿ ಹಾಯುವುದನ್ನೇ ಬಿಟ್ಟರು.

ಮಾರ್ಚಿನಲ್ಲಿ ಹೆಡ್‌ಮಾಸ್ತರ ಶ್ರೀಶೈಲಪ್ಪನವರು ಮಾಸ್ತರರು, ಯಾಸ್ಮಿನ ಇಬ್ಬರನ್ನೂ ಕರೆಸಿದರು. ಅವರು ಗಣಿತದವರು, ಇಂಗ್ಲಿಷಿನ ವಿಷಯದಲ್ಲಿ ಜೈನುದ್ದೀನರು ಹೇಳಿದ್ದೇ ಕೊನೆ.

“ಮುಂದಿನ ವರ್ಷಾನೂ ಈಕೀನ್ನ ಕರಿಯೂದೋ ಬ್ಯಾಡೋ, ನೀವು ಹೇಳ್ರಿ. ಮಕ್ಕಳ ನೋಟಬುಕ್ಕು ಖಾಲಿ ಅದಾವಂತ ಮನಿ ಮಂದಿ ಬೈಯಾಕತ್ತಾರ.” ಪರೀಕ್ಷೆಗೆಂದು ರಂಜನಾಳನ್ನೂ ಕರೆಸಿದ್ದರು. “ಆ ಆಡಿನ ಕತಿ ಇಂಗ್ಲಿಷಿನಾಗ ಹೇಳವಾ.”

ಹುಡುಗಿ ಕಾಲಬೆರಳಿನಿಂದ ನೆಲ ಉಜ್ಜಿದಳು. “ಕನ್ನಡದಾಗ ಹೇಳ್ಲೇನ್ರಿ ಸರ? ಪೂರಾ ಹೇಳ್ತೇನಿ.”

“ಕನ್ನಡಕ್ಕ ಬ್ಯಾರೆ ಮಾಸ್ತರ ಅದಾರ. ನೀ ನಡಿ.”

ಹುಡುಗಿ ಹೋದಳು. ಯಾಸ್ಮಿನ ಅವಸರದಲ್ಲಿ ಹೇಳಿದಳು: “ಸರ, ಮನ್ಯಾಗ ಕೂಸು ಮೊದಲ ಕೇಳತೈತಿ, ಆಮ್ಯಾಲೆ ಮಾತಾಡತೈತಿ. ಇನ್ನೊಂದು ವರ್ಷ ಕೊಡ್ರಿ. ಅವರಿಗೆ ತಿಳೀತೈತೋ ಇಲ್ಲೋ ನಮ್ಮ ಸರನ್ನ ಕೇಳ್ರಿ. ಕಿಟಕಿ ಹಂತೇಲಿ ನಿಂತು ಕೇಳ್ಯಾರ.”

ಅವಳ ಮುಖದಲ್ಲಿ ಅಷ್ಟು ಭರವಸೆ ಇತ್ತು. ಸಾಕ್ಷಿ ಇದ್ದದ್ದೂ ಮಾಸ್ತರರೊಬ್ಬರ ಹತ್ತಿರವೇ: ನನಗೆ ತಿಳಿಯದ್ದು ಹುಡುಗರಿಗೆ ತಿಳಿಯಿತು. ಇಷ್ಟು ಅಂದರೆ ಅವಳ ಕೆಲಸ ಉಳಿಯುತ್ತಿತ್ತು. ಆಮೇಲೆ ಮಾಸ್ತರರು ಮುಖ ಎತ್ತಿ ಆ ಶಾಲೆಯಲ್ಲಿ ತಿರುಗುವುದು ಹೇಗೆ?

“ಏನ್ರಿ, ತಿಳೀತಿತ್ತೇನು ಹುಡುಗರಿಗೆ?” ಎಂದರು ಹೆಡ್‌ಮಾಸ್ತರರು.

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. “ನಗಾಕತ್ತಿದ್ರು ಸರ. ಅದಂತೂ ಖರೆ.”

“ನಗೂದು ಪಾಠ ಏನ್ರಿ?”

“ಅದನ್ನ ನಾ ಹೆಂಗ ಹೇಳ್ಲಿರಿ. ಚಾರ್ಟಂತೂ ಇಲ್ಲ.”

ಯಾಸ್ಮಿನ ಅವರನ್ನೇ ನೋಡುತ್ತ ಇನ್ನೊಂದು ಮಾತಿಗಾಗಿ ಕಾಯ್ದಳು. ಮಾಸ್ತರರು ಕನ್ನಡಕ ಹಾಕಿಕೊಂಡರು. “ಆತ್ರಿ ಸರ,” ಎಂದು ಎದ್ದಳು.

ಜೂನಿನಲ್ಲಿ ಅವಳನ್ನು ಕರೆಯಲಿಲ್ಲ. ಬಸವನ ಬಾಗೇವಾಡಿಯ ಒಂದು ಔಷಧಿ ಅಂಗಡಿಗೆ ಸೇರಿದಳು. ಆ ಮಕ್ಕಳು ಒಂಬತ್ತನೇ ತರಗತಿಗೆ ಬಂದರು. ಅವರ ಇಂಗ್ಲಿಷ್ ಪಾಠ ಜೈನುದ್ದೀನ ಮಾಸ್ತರರಿಗೆ ಬಂತು.